ಅರ್ಧ ತಾಸಿನ ಕೊಲೆಗಾರ್ತಿ

“ಅಜ್ಜಾ, ಸಿಕ್ತು! ಅಜ್ಜಿ ಸೀರಿಯಲ್ಲು ಸಿಕ್ತು!” ಎಂದು ಮೊಮ್ಮಗಳು ಸಹನಾ ಮೊಬೈಲು ಹಿಡಿದು ಒಳಗೆ ಓಡಿಬಂದ ರಭಸಕ್ಕೆ ಪುಂಡಲೀಕನ ಕೈಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

“ಯಾವ ಸೀರಿಯಲ್ಲು?” ಎಂದ, ಗೊತ್ತಿದ್ದೂ.

“ಅದ, ಪತ್ತೇದಾರಿದು! ಯಾರೋ ಹಳೇ ಕ್ಯಾಸೆಟ್ಟು ಯೂಟ್ಯೂಬಿಗೆ ಹಾಕ್ಯಾರ. ಅಜ್ಜೀ, ಲಗೂನ ಬಾ!”

ಸಹನಾ ಮೊಬೈಲನ್ನು ಟೀವಿಗೆ ಜೋಡಿಸುವಷ್ಟರಲ್ಲಿ ಅನ್ನಪೂರ್ಣಾ ಹಿಟ್ಟಿನ ಕೈಯಲ್ಲೇ ಬಂದು ಮುಂದೆ ಕೂತಳು. ಅರವತ್ತೆಂಟರ ಮುದುಕಿಗೆ ಹದಿನಾರರ ಸಡಗರ! ಇರದೇ ಏನು? ತಾನು ಮಾಡಿದ ಪಾರ್ಟನ್ನು ತಾನೇ ಒಮ್ಮೆಯೂ ನೋಡದೆ ಮೂವತ್ತೈದು ವರ್ಷ ಕಳೆದಿದ್ದಳು. ಆಗೆಲ್ಲ ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ನಾಟಕವೆಂದರೆ ದೇವಿ ಪಾತ್ರ ಅವಳದೇ. ಎಷ್ಟೆಂದರೆ, ನವರಾತ್ರಿಯಲ್ಲಿ ಸಾಲುಮನೆಗಳ ಹೆಂಗಸರು ಮೊದಲು ಅವಳಿಗೆ ಉಡಿ ತುಂಬಿ ಆಮೇಲೆ ಗುಡಿಗೆ ಹೋಗುತ್ತಿದ್ದರು. ಕಾಡಿನಲ್ಲಿ ಶೂಟಿಂಗಿಗೆ ಬಂದಿದ್ದ ನಿರ್ದೇಶಕ ಅವಳ ನಾಟಕ ನೋಡಿ, “ಈ ಮುಖದ ಮೇಲೆ ಯಾರಿಗೂ ಸಂಶಯ ಬರಲ್ಲ” ಎಂದು ಒಂದು ಕಂತಿಗೆ ಅತಿಥಿ ಪಾತ್ರ ಕೊಟ್ಟುಬಿಟ್ಟ. ಗಂಡನ ಚಹಾದಲ್ಲಿ ವಿಷ ಬೆರೆಸುವ ಕೊಲೆಗಾರ್ತಿ!

ಆ ಕಂತು ಬಂದ ಸಂಜೆ ಸಾಲಿಗೆಲ್ಲ ಇದ್ದದ್ದು ಒಂದೇ ಟೀವಿ, ಪುಂಡಲೀಕನದು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಸರು ಬಂತು, ಸಂಗೀತ ಬಂತು, ಗಕ್ಕನೆ ಕರೆಂಟು ಹೋಯಿತು. “ನಮ್ಮ ಮನಿ ಲೈನಷ್ಟ ಹೋಗೈತಿ” ಎಂದಿದ್ದ ಪುಂಡಲೀಕ. ಎಲ್ಲಿಯ ಲೈನು! ಹೊರಗಿನ ಮೀಟರಿನ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡವನು ಅವನೇ. ಇವಳು ವಿಷ ಹಾಕುವುದನ್ನು ಕಂಡ ಹೆಂಗಸರು ಮತ್ತೆ ಉಡಿ ತುಂಬಲು ಬರುತ್ತಾರೆಯೇ ಎಂಬ ಹೆದರಿಕೆ ಅವನಿಗೆ. ಮರುದಿನ ಆ ಫ್ಯೂಜು ಎಲ್ಲಿ ಹೋಯಿತೋ, ಹುಡುಕಿ ಸಾಕಾಗಿ ಪೇಟೆಯಿಂದ ಹೊಸದು ತಂದು ಹಾಕಿದ್ದ.

ಈಗ ಟೀವಿಯಲ್ಲಿ ಮೂವತ್ತಮೂರರ ಅನ್ನಪೂರ್ಣಾ ಹಣೆತುಂಬ ಕುಂಕುಮ ಇಟ್ಟುಕೊಂಡು ಗಂಡನಿಗೆ ಚಹಾ ಕೊಟ್ಟಳು.

“ಕುಡೀಬ್ಯಾಡೋ ಮಾರಾಯಾ!” ಎಂದು ಸಹನಾ ಚೀರಿದಳು. ಅವನು ಕುಡಿದೇಬಿಟ್ಟ.

ಪತ್ತೇದಾರ ಸತ್ತವನ ತಮ್ಮನನ್ನು ಹಿಡಿದ, ಅಡುಗೆಯವನನ್ನು ಹಿಡಿದ, ಎಲ್ಲರನ್ನೂ ಬಿಟ್ಟ. ಕೊನೆಗೆ ಒಂದು ಕಪ್ಪಿನಲ್ಲಿ ಚಹಾ ಅವಳ ಮುಂದಿಟ್ಟು, “ಇದನ್ನು ನೀವೇ ಕುಡಿಯಿರಿ, ಅಮ್ಮಾ” ಎಂದ. ಅವಳು ಅಳಲಿಲ್ಲ. ಕಪ್ಪು ನೋಡಿದಳು, ಅವನನ್ನು ನೋಡಿದಳು, ಮೆಲ್ಲಗೆ ನಕ್ಕಳು. ನಾಟಕದಲ್ಲಿ ದೇವಿ ವರ ಕೊಡುವಾಗಿನ ಅದೇ ನಗು. “ಹೌದು, ನಾನೇ” ಎಂದಳು.

ಪುಂಡಲೀಕನ ಮೈಯೆಲ್ಲ ಜುಮ್ಮೆಂದಿತು. “ಭಲೇ! ಭಲೇ ನನ್ನ ಅನ್ನಪೂರ್ಣಾ!” ಎಂದು ಎದ್ದು ನಿಂತು ಚಪ್ಪಾಳೆ ಹೊಡೆದ. ಹೊಡೆಯುತ್ತ ಹೊಡೆಯುತ್ತ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ಮುಚ್ಚಿಟ್ಟೆನಲ್ಲ, ಎಂಥ ಹುಚ್ಚ ನಾನು!

“ಅವತ್ತ ಕರೆಂಟ್ ಹೋಗಿದ್ದಿಲ್ಲ. ಫ್ಯೂಜು ನಾನ ಕಿತ್ತಿದ್ದೆ. ತಪ್ಪಾತು.”

ಸಹನಾ ಬಾಯಿ ತೆರೆದುಕೊಂಡು ಕೂತಳು. ಅನ್ನಪೂರ್ಣಾ ಒಳಗೆ ಹೋಗಿ ಗುಂಡಿ, ಸೂಜಿ ಇಡುವ ಡಬ್ಬಿ ತಂದಳು. ತಡಕಾಡಿ, ಪಿಂಗಾಣಿಯ ಒಂದು ಬಿಳಿ ಫ್ಯೂಜು ತೆಗೆದು ಅವನ ಅಂಗೈಯಲ್ಲಿಟ್ಟಳು.

“ಮರುದಿನ ನಿಮ್ಮ ಅಂಗಿ ಒಗಿಯೂಮುಂದ ಕಿಸೇದಾಗ ಸಿಕ್ಕಿತ್ತು.”

“ಮತ್ತ ಒಂದಿನಾನೂ ಕೇಳಲಿಲ್ಲಲ್ಲ ನೀ!”

“ಆ ಪತ್ತೇದಾರ ಅರ್ಧ ತಾಸಿನ್ಯಾಗ ನನ್ನ ಬಾಯಿ ಬಿಡಿಸಿದ. ನಿಮ್ಮ ಬಾಯಿ ಬಿಡಸಾಕ ನನಗ ಮೂವತ್ತೈದು ವರ್ಷ ಬೇಕಾತು ನೋಡ್ರಿ.” ನೆಲದ ಮೇಲಿದ್ದ ಖಾಲಿ ಕಪ್ಪು ಎತ್ತಿಕೊಂಡಳು. “ಚಹಾ ಎಲ್ಲಾ ಚೆಲ್ಲೀರಿ. ಇನ್ನೊಂದು ಕಪ್ಪ ಮಾಡಿಕೊಡ್ಲೇನ್ರಿ?”

ಕೇಳಿ ಮೆಲ್ಲಗೆ ನಕ್ಕಳು. ಟೀವಿಯಲ್ಲಿ ಈಗಷ್ಟೇ ಕಂಡಿದ್ದ ಅದೇ ನಗು.