ಹೆಸರು ಹೇಳದ ಕಂಪ್ಲೇಂಟು

ಪರದೆಯ ಮೇಲೆ ಸುತ್ತುತ್ತಿದ್ದ ಬಿಳಿ ಚಕ್ರವನ್ನೇ ನೋಡುತ್ತ ದಾಕ್ಷಾಯಿಣಿ ನಲವತ್ತರವರೆಗೆ ಎಣಿಸಿದಳು. ಚಕ್ರ ನಿಲ್ಲಲಿಲ್ಲ. ಪಾಠ ಹೇಳುತ್ತಿದ್ದ ಮೇಡಂ ಬಾಯಿ ತೆರೆದಂತೆಯೇ ಕಲ್ಲಾಗಿ ಕೂತಿದ್ದರು.

ಅತುಲ ಮತ್ತೆ ಡೌನ್‌ಲೋಡಿಗೆ ಹಚ್ಚಿದ್ದಾನೆ.

ಅವಳು ಕೂತಿದ್ದದ್ದು ಅಡುಗೆಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಗೆ ಒರಗಿ, ಬೆಳಕಿಂಡಿಯ ಕೆಳಗೆ. ವೈಫೈ ಸರಿಯಾಗಿ ಸಿಗುತ್ತಿದ್ದದ್ದು ಅಲ್ಲೊಂದೇ ಕಡೆ. ಕಮರಿಪೇಟೆಯ ಹಳೆಯ ಗೋಡೆಗಳು ಮೊಳ ದಪ್ಪ. ಮೊಬೈಲಿಗಂತೂ ಸಿಗ್ನಲ್ ಒಂದು ಕಡ್ಡಿಗಿಂತ ಹೆಚ್ಚು ಏರುತ್ತಿರಲಿಲ್ಲ. ಬೆಳಕಿಂಡಿಯಾಚೆಯಿಂದ ಲಕ್ಷ್ಮೀಬಾಯಿ ಕಾಕುವಿನ ಟಿವಿ ಕೇಳಿಸುತ್ತಿತ್ತು. ಮರಾಠಿ ಸೀರಿಯಲ್ಲು. ಸೊಸೆ ಅಳುತ್ತಿದ್ದಳು. ನಿನ್ನೆಯೂ ಅತ್ತಿದ್ದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಇಂಟರ್‌ವ್ಯೂ. ಇಂದು ಮಂಗಳವಾರ. ಪಠ್ಯಪುಸ್ತಕ ಪ್ರಕಟಿಸುವವರ ಬಳಿ ಕರಡು ತಿದ್ದುವ ಕೆಲಸ. ಯಾರೊಡನೆಯೂ ಹೆಚ್ಚು ಮಾತಾಡಬೇಕಿಲ್ಲದ, ಅವಳಿಗೆಂದೇ ಹುಟ್ಟಿದಂಥ ಕೆಲಸ. ಹೋದ ತಿಂಗಳು ಇದೇ ಇಂಟರ್‌ವ್ಯೂನಲ್ಲಿ ಮೂರನೆಯ ಪ್ರಶ್ನೆಗೆ ನೆಟ್ ಸತ್ತಿತ್ತು. ತಿಂಗಳ ಮಿತಿ ಇಪ್ಪತ್ತನೇ ತಾರೀಖಿಗೇ ಮುಗಿದುಹೋಗಿತ್ತು. ಹತ್ತು ಸಲ ಮೇಲ್ ಬರೆದು ಬೇಡಿಕೊಂಡ ಮೇಲೆ ಇನ್ನೊಂದು ಅವಕಾಶ ಕೊಟ್ಟಿದ್ದರು. ಮೂರನೆಯದು ಇಲ್ಲ ಎಂದೂ ಬರೆದಿದ್ದರು.

ಚಪ್ಪಲಿ ಮೆಟ್ಟಿಕೊಂಡು ಹೋಗಿ, ಕಾಕುವಿನ ಬಾಗಿಲಲ್ಲಿ ನಿಂತು, ಒಂದು ನಿಮಿಷ ಧೈರ್ಯ ಕೂಡಿಸಿಕೊಂಡಳು. ಕಾಕುವಿನ ಮಗ ಅತುಲ ಕಂಪ್ಯೂಟರಿನ ಮುಂದೆ ಕಾಲು ಚಾಚಿ ಕೂತಿದ್ದ.

“ಅತುಲಣ್ಣ, ಹಿಂಗ ಸೀರಿಯಲ್ ಇಳಸೂದು ಕಾಯ್ದೇಕ್ಕ ವಿರುದ್ಧ ಐತಿ, ಗೊತ್ತೈತೇನು?”

ಇಂಟರ್‌ವ್ಯೂಗೆಂದು ಅವಳು ಕೃತಿಸ್ವಾಮ್ಯದ ಕಾನೂನು ಓದುತ್ತಿದ್ದಳು. ಕಲಮು ಸಮೇತ ಹೇಳಬಲ್ಲವಳಾಗಿದ್ದಳು.

“ಏನು ವಕೀಲಬಾಯಿ, ನೋಟೀಸ ತಂದೀಯೇನು?” ಅತುಲ ತಿರುಗಲಿಲ್ಲ. “ಅವ್ವ ಹುಟ್ಟಿ ಬೆಳದದ್ದು ಮಿರಜಿನ್ಯಾಗ. ಅಕಿಗೆ ಬೇಕಾದ ಚಾನೆಲ್ ಇಲ್ಲೆ ಕೇಬಲ್‌ನ್ಯಾಗ ಬರೂದಿಲ್ಲ. ನಾ ಏನ್ ಮಾಡ್ಲಿ?”

“ಮಂದೀದು ಕೇಳದ ತಗೊಂಡ್ರ ಅದಕ್ಕ ಕಳವು ಅಂತಾರ.”

ಅತುಲನ ತುಟಿಯ ಅಂಚು ನಕ್ಕಿತು. “ಕೇಳದ ತಗೊಂಡಿದ್ದೆಲ್ಲಾ ಕಳವು ಅಂದ್ರ, ಈ ಗಲ್ಲ್ಯಾಗ ಯಾರು ಉಳೀತಾರ ಹೇಳು.”

ದಾಕ್ಷಾಯಿಣಿಯ ಕಿವಿ ಕಾದವು.  ಅಷ್ಟರಲ್ಲಿ ಒಳಗಿನಿಂದ ಕಾಕು ಫೋನು ಹಿಡಿದು ಬಂದರು. ಇಂಗ್ಲಿಷ್ ಮೆಸೇಜು ಬಂದರೆ ಅವರು ಓದಿಸುತ್ತಿದ್ದದ್ದು ಅವಳಿಂದಲೇ.

“ಸುಮ್ಮನಿರೋ, ಅಕೀನ್ಯಾಕ ಕಾಡ್ತೀ. ದಾಕ್ಷಾಯಿಣಿ, ಇದೇನ್ ಬಂದದ ನೋಡವಾ.”

“ನೆಟ್ ತೊಂಬತ್ತು ಪರ್ಸೆಂಟ್ ಮುಗದೈತ್ರಿ ಕಾಕು. ಉಳದದ್ದೂ ಮುಗದ್ರ ಮತ್ತ ಭಾಳ ಸಾವಕಾಶ ಆಕ್ಕೈತಿ.”

“ಹದಿನೆಂಟನೇ ತಾರೀಖಿಗನ?” ಕಾಕು ಅವಳ ಮುಖವನ್ನೇ ನೋಡಿದರು. “ನಿಂದು ಗುರುವಾರ ಅಲ್ಲೇನು?”

ಅವಳು ತಲೆಯಾಡಿಸಿದಳು. ಹೀಗೆ ಕೇಳುವುದೂ ಇವರೇ, ದಿನಕ್ಕೆ ನಾಲ್ಕು ಸೀರಿಯಲ್ಲು ನೋಡುವುದೂ ಇವರೇ.

ಮನೆಗೆ ಬಂದವಳೇ ಡೈರಿ ತೆಗೆದಳು. ‘ಕೆಲವರಿಗೆ ಇನ್ನೊಬ್ಬರ ಕಷ್ಟ ಕಾಣುವುದೇ ಇಲ್ಲ. ಇರುವುದನ್ನೆಲ್ಲ ತಾವೇ ನುಂಗುತ್ತಾರೆ.’ ತಾನು ದಿನಕ್ಕೆ ಆರು ತಾಸು ನೋಡುವ ಕೋಚಿಂಗ್ ವೀಡಿಯೊಗಳ ಬಗ್ಗೆ ಬರೆಯಲಿಲ್ಲ. ಅದು ಓದು.

ಬುಧವಾರ ಬೆಳಿಗ್ಗೆ ಬೆಳಕಿಂಡಿಯಲ್ಲಿ ಮತ್ತೆ ಸೊಸೆ ಅಳತೊಡಗಿದಳು. ಹೊಸ ಕಂತು. ಅಂದರೆ ಇನ್ನಷ್ಟು ನೆಟ್ ಹೋಯಿತು. ದಾಕ್ಷಾಯಿಣಿ ಎದ್ದು ಬೀದಿಯ ತುದಿಗೆ ನಡೆದು, ಸಿಗ್ನಲ್ ಸಿಕ್ಕಲ್ಲಿ ನಿಂತು, ನೆಟ್ ಕೊಡುವ ಕೇಬಲ್ ಆಫೀಸಿಗೆ ಫೋನು ಹಚ್ಚಿದಳು.  ಒಬ್ಬರ ಲೈನಿನಲ್ಲಿ ಟಿವಿ ಕಾರ್ಯಕ್ರಮ ಕದ್ದು ಇಳಿಸುತ್ತಿದ್ದಾರೆ, ನಿಲ್ಲಿಸಿ ಎಂದಳು.

“ಲೈನ್ ಯಾರ ಹೆಸರಿಲೆ ಐತ್ರಿ?”

“ಲಕ್ಷ್ಮೀಬಾಯಿ ಅಂತ್ರಿ. ಕಮರಿಪೇಟಿ.”

“ನೀವು ಅವರಿಗೆ ಏನಾಗಬೇಕು?”

ಅವಳು ಫೋನು ಕತ್ತರಿಸಿದಳು. ಆ ಒಂದು ಸೈಟು ಬಂದ್ ಮಾಡಿಯಾರು, ಅತುಲನಿಗೆ ಒಂದು ಮಾತು ಅಂದಾರು. ಎರಡು ದಿನ ಅವನು ಹೆದರಿಕೊಂಡಿದ್ದರೆ ಸಾಕಿತ್ತು.

ಸಂಜೆ ನಾಲ್ಕಕ್ಕೆ ಕೇಬಲ್ ಆಫೀಸಿನ ಇಕ್ಬಾಲ ಕಾಕುವಿನ ಮನೆಗೆ ಬಂದ. ಏಳು ತಿಂಗಳ ಹಿಂದೆ ಲೈನು ಎಳೆದವನೂ ಅವನೇ. ಅಂದು ಕಾಕುವಿನ ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟವಳು ದಾಕ್ಷಾಯಿಣಿ. ಕಾಕುಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಈಗ ಅವಳು ಹಿಟ್ಟಿನ ಡಬ್ಬಿಯ ಬಳಿ ಬೆಳಕಿಂಡಿಗೆ ಕಿವಿಗೊಟ್ಟು ಕೂತಳು.

“ಕಾಕು, ನಿಮ್ಮ ಲೈನಿನ ಮ್ಯಾಲೆ ಕಂಪ್ಲೇಂಟ್ ಬಂದೈತ್ರಿ. ಸೀರಿಯಲ್ ಕದ್ದು ಇಳಸಾಕತ್ತಾರ ಅಂತ. ಸೋಮವಾರದ ಮಟಾ ಬಂದ್ ಇಡು ಅಂದಾರ ಆಫೀಸಿನ್ಯಾಗ.”

ಸೋಮವಾರ. ದಾಕ್ಷಾಯಿಣಿಯ ಇಂಟರ್‌ವ್ಯೂ ನಾಳೆಯೇ.

“ಯಾರಪಾ ಹೇಳಿದವರು?”

“ಹೆಸರ ಹೇಳಿಲ್ಲಂತ್ರಿ. ಯಾರೋ ಹೆಣ್ಣಮಗಳು.” ಏನನ್ನೋ ಒತ್ತಿದ ಸದ್ದು. “ಇನ್ನೊಂದು ಐತ್ರಿ. ನಿಮ್ಮಲ್ಲೆ ಇರೋದು ಎರಡು ಫೋನು, ಅತುಲಂದೊಂದು ಕಂಪ್ಯೂಟರ್. ಇಲ್ಲೆ ನಾಲ್ಕು ತೋರಸಾಕತ್ತೈತಿ. ಈ ನಾಲ್ಕನೇದಽ ಎಲ್ಲಾಕಿಂತ ಹೆಚ್ಚು ತಿಂದೈತಿ ನೋಡ್ರಿ.”

 ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ವೈಫೈ ಗುರುತು ಆರಿಹೋಯಿತು. ಇಕ್ಬಾಲ ವಾಯರು ಕಿತ್ತಿದ್ದ.

“ನನ್ನ ಸೀರಿಯಲ್ ಹಾಳಾಗಿ ಹೋಗ್ಲಿ ಇಕ್ಬಾಲ, ನಾಳೆ ಮಧ್ಯಾಹ್ನದ ತನಕ ಅದನ್ನ ಹಚ್ಚಿ ಇಡಪಾ,” ಎಂದರು ಕಾಕು. “ಆ ನಾಲ್ಕನೇದು ಪಕ್ಕದ ಮನಿ ದಾಕ್ಷಾಯಿಣೀದು. ನಾಳೆ ಅಕೀದು ಇಂಟರ್‌ವ್ಯೂ ಅದ.”