ಫ್ರಿಜ್ಜಿನಲ್ಲಿಟ್ಟ ಚಗಳಿ ಗೂಡು

ಎಸ್ಟೇಟಿನ ಯಜಮಾನ ನಿಕೋಲಸ್ ರೊಟ್ಟಿಯನ್ನು ಚಟ್ನಿಗೆ ಅದ್ದಿ ಮೊದಲ ತುತ್ತು ಬಾಯಿಗಿಟ್ಟಾಗ ಪೂಜಿತಾ ಎದುರಿಗೇ ಕೂತಿದ್ದಳು. ಕೆಂಪು ಚಟ್ನಿ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಚಗಳಿ ಇರುವೆಯ ಚಟ್ನಿ ಎಂದು ಗೊತ್ತಾದದ್ದೇ ಅವಳು ತನ್ನ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು.

"ಚಗಳಿ ಎಲ್ಲಿ ಸಿಕ್ತು ಭೂತಮ್ಮ?" ಆದಷ್ಟು ಸಹಜವಾಗಿ ಅಡುಗೆಯವಳನ್ನು ಕೇಳಿದಳು.

"ಫ್ರಿಜ್ಜಲ್ಲೇ ಇತ್ತಲ್ಲವ್ವ, ಎಲೆಗೂಡು ಸಮೇತ. ಸಾಹುಕಾರ್ರು ನಾಕು ದಿನದಿಂದ ಕೆಮ್ತಾ ಅವ್ರೆ, ನೀನೇ ತಂದಿಟ್ಟಿದೀಯ ಅಂದ್ಕಂಡೆ. ಹುರೀದೆ ಹಸೀದೇ ಅರೆದಿವ್ನಿ. ಕೆಮ್ಮಿಗೆ ಅಂಗೇ ಆಗ್ಬೇಕು."

ತಂದಿಟ್ಟಿದ್ದು ಪೂಜಿತಾಳೇ. ಆದರೆ ಕೆಮ್ಮಿಗಲ್ಲ. ಇರುವೆಯ ಮೈಯೊಳಗೆ ಹೊಕ್ಕು, ಒಳಗಿನಿಂದಲೇ ತಿಂದು, ಕೊನೆಗೆ ಅದರ ತಲೆ ಸೀಳಿಕೊಂಡು ಮೊಳೆಯುವ ಶಿಲೀಂಧ್ರವೊಂದನ್ನು ಸಂಶೋಧನೆಗೆಂದು ಹುಡುಕುತ್ತ ಅವಳು ಈ ಮನೆಯಲ್ಲಿ ಉಳಿದು ಮೂರು ತಿಂಗಳಾಗಿತ್ತು. ತಣ್ಣಗಿದ್ದರೆ ಇರುವೆಗಳು ಕಚ್ಚದೆ ಸುಮ್ಮನಿರುತ್ತವೆ, ಬೆಳಿಗ್ಗೆ ರೋಗದವನ್ನು ಆರಿಸಿಕೊಂಡರಾಯಿತು ಎಂದು ನಿನ್ನೆ ಸಂಜೆ ಗೂಡನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಇಂಥ ಯಾವುದೂ ಅಡುಗೆಮನೆಗೆ ಬರಕೂಡದೆಂದು ನಿಕೋಲಸ್ ಅವರ ಹೆಂಡತಿ ಜೆನೆವಿವ್ ಮೊದಲ ದಿನವೇ ಹೇಳಿದ್ದರು. ಸುಮ್ಮನೆ ಹೇಳಿದ್ದಲ್ಲ. ಎರಡು ವರ್ಷದ ಹಿಂದೆ ಗಂಡನಿಗೆ ತಮ್ಮದೇ ಒಂದು ಕಿಡ್ನಿ ಕೊಟ್ಟವರು ಆಕೆ. ಅದು ಉಳಿಯಲೆಂದು ನುಂಗುವ ಮಾತ್ರೆಗಳಿಂದ ನಿಕೋಲಸ್ ಅವರ ಮೈಗೆ ಸೋಂಕು ತಡೆಯುವ ಶಕ್ತಿಯೇ ಕುಂದಿತ್ತು. ಬೂಷ್ಟು ಹಿಡಿದ ಬ್ರೆಡ್ಡಿನ ಹತ್ತಿರವೂ ಸುಳಿಯಬೇಡಿ ಎಂದಿದ್ದರು ಡಾಕ್ಟರು.

ಹೇಳಿದರೆ ಇವತ್ತೇ ಗಂಟುಮೂಟೆ ಕಟ್ಟಬೇಕು, ಮೂರು ತಿಂಗಳ ಕೆಲಸ ನೀರುಪಾಲು. ಇರುವೆಯ ರೋಗ ಮನುಷ್ಯರಿಗೆ ಬರುವುದಿಲ್ಲ ಎಂದು ಅವಳೇ ಊರವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಇಂಥ ಮೈಗೂ ಬರುವುದಿಲ್ಲ ಎಂದು ಯಾರು ನೋಡಿದ್ದಾರೆ? ಅವಳು ಹಿಂದೆಮುಂದೆ ನೋಡುತ್ತಿರುವಾಗಲೇ ನಿಕೋಲಸ್ ಎರಡನೇ ತುತ್ತನ್ನೂ ನುಂಗಿದರು. ಆ ಒಂದು ನಿಮಿಷಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೂರನೆಯದು ತುಟಿಗೆ ಹೋಗುವ ಮೊದಲು ಅವಳು ಎದ್ದು ತಟ್ಟೆಯನ್ನೇ ಎಳೆದುಕೊಂಡಳು.

"ತಿನ್ನಬೇಡಿ ಅಂಕಲ್. ಅದರಲ್ಲಿ ರೋಗದ ಇರುವೆ ಇತ್ತು. ತಪ್ಪು ನಂದು."

ಗಂಡನ ಪಕ್ಕದಲ್ಲಿದ್ದ ಜೆನೆವಿವ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಕ್ಷಣ ಮಂಗಳೂರಿನ ಡಾಕ್ಟರಿಗೆ ಫೋನ್ ಹಚ್ಚಿದರು. ಡಾಕ್ಟರು ಎಲ್ಲ ಕೇಳಿಸಿಕೊಂಡು, ಏನೂ ಆಗಲಿಕ್ಕಿಲ್ಲ, ಆದರೂ ಈಗಲೇ ಹೊರಡಿ, ಉಳಿದ ಚಟ್ನಿಯನ್ನೂ ತನ್ನಿ ಎಂದರು. ಐದೇ ನಿಮಿಷದಲ್ಲಿ ಗಂಡ ಹೆಂಡತಿಯನ್ನು ಹೊತ್ತ ಜೀಪು ಗೇಟು ದಾಟಿ ಮಂಗಳೂರಿನ ದಾರಿಗೆ, ಮಾರನಹಳ್ಳಿಯ ಕಡೆ ತಿರುಗಿತು.

ಪೂಜಿತಾ ಅಡುಗೆಮನೆಯಲ್ಲಿ ಕೂತು ಅತ್ತಳು. ಭೂತಮ್ಮ ತೊಳೆದ ಒರಳನ್ನೇ ಮತ್ತೆ ತೊಳೆಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಉಪ್ಪು ಖಾರ ನೋಡಕೆ ಅಂತ ನಾನೂ ತಿಂದಿವ್ನಿ ಕಣವ್ವ," ಎಂದಳು ಮೆಲ್ಲಗೆ. "ನಾನು ಯಾರಿಗೆ ಫೋನ್ ಮಾಡ್ಲಿ?"