ಡ್ರೈವರ್ ಸೀಟು

ಗಂಡ ತೀರಿಹೋದ ಮೇಲೆ ಇಂದುಮತಿ ಆ ಕಾರನ್ನು ಯಾರಿಗೂ ಮುಟ್ಟಗೊಡಲಿಲ್ಲ. ತೊಂಬತ್ತರ ದಶಕದಲ್ಲಿ ಆತ ಆಸೆಪಟ್ಟು ತರಿಸಿದ ವಿದೇಶಿ ಕಾರು. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವಂಥದ್ದು. ಅಂಥ ಕಾರೂ ಘಾಟಿನ ತಿರುವಿನಲ್ಲಿ ಜಾರಿ ಮರಕ್ಕೆ ಬಡಿದಿತ್ತು. ಗಂಡ ಹೊರಗೆ ಸಿಡಿದು ಬಿದ್ದಿದ್ದ. "ಅಣ್ಣ ಒಬ್ಬನ ಹೋಗಿದ್ದ, ವೈನಿ" ಎಂದು ಅಳುತ್ತ ಸುದ್ದಿ ತಂದವನು ಮೈದುನ ವಿರೂಪಾಕ್ಷ.

ಅಂದಿನಿಂದ ಅವಳು ಗ್ಯಾರೇಜಿಗೆ ಹೋಗಿ, ಗಾಜಿನಾಚೆಯ ಡ್ರೈವರ್ ಸೀಟನ್ನೇ ನೋಡುತ್ತ ಗಂಡನೊಡನೆ ಮಾತಾಡುತ್ತಿದ್ದಳು. ಕೆಲವೊಮ್ಮೆ ಆತ ಅಲ್ಲಿ ಕೂತಂತೆಯೇ ಕಾಣುತ್ತಿತ್ತು.

"ಎಷ್ಟು ದಿನ ಹಿಂಗ ಕೊರಗ್ತೀರಿ? ಮಾರಿಬಿಡ್ರಿ" ಎಂದು ಕೊನೆಗೆ ಮೈದುನನೇ ಒಪ್ಪಿಸಿದ. ಹಳೆಯ ಕಾರುಗಳ ಹುಚ್ಚಿದ್ದ ರೆಹಾನಾ ಎಂಬ ತರುಣಿ ನೋಡಲು ಬಂದಾಗ ಅವನೂ ಅಲ್ಲೇ ನಿಂತಿದ್ದ.

ಒಳಗೆ ಕೂತವಳೇ ಸ್ಟೇರಿಂಗ್ ಹಿಡಿದು ನಕ್ಕಳು. "ನಾ ಗಿಡ್ಡಿ, ಅಮ್ಮಾರ. ಆದ್ರೂ ಕಾಲು ಬರೋಬ್ಬರಿ ಪೆಡಲಿಗೆ ಮುಟ್ಟತಾವ. ಯಾರರ ಸೀಟು ಮುಂದ ಸರಿಸಿದ್ರೇನು?"

"ಇಲ್ಲವ್ವಾ. ಆವತ್ತಿಂದ ಯಾರೂ ಒಳಗ ಕುಂತಿಲ್ಲ."

"ಹೌದ್ರಿ, ಇದು ಬ್ಯಾಟರಿ ಮ್ಯಾಲೆ ಸರಿಯೋ ಸೀಟು. ಬ್ಯಾಟರಿ ಸತ್ತು ಎಷ್ಟೋ ಕಾಲ ಆಗೈತಿ. ಹಂಗಾರ ನಿಮ್ಮ ಯಜಮಾನ್ರೂ ನನ್ನಂಗ ಗಿಡ್ಡ ಇದ್ರು ಕಾಣತೈತಿ."

ಇಂದುಮತಿ ಬಗ್ಗಿ ಆ ಸೀಟನ್ನು ನೋಡಿದಳು.

"ಇಲ್ಲ. ಅವ್ರು ಆರಡಿ ಇದ್ರು" ಎನ್ನುತ್ತ ಆಕೆ ಮೈದುನನತ್ತ ತಿರುಗಿದಳು.

ಆ ಗಿಡ್ಡ ಮನುಷ್ಯ ಆಗಲೇ ಗೇಟಿನತ್ತ ಓಡುತ್ತಿದ್ದ.